ಎಂಟನೆಯ ದಿನದ ಶಾಲು, ಒಂಬತ್ತನೆಯ ದಿನದ ಕೂಲಿ



ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಹಳ್ಳಿಯ ಚರ್ಚಿನಲ್ಲಿ ನಡೆದ ಘಟನೆಯಿದು. ನಮ್ಮ ಚರ್ಚಿಗೆ ಸೇರಿದ ಪೈಂಟರ್ ಒಬ್ಬರು ನೆರೆಯ ಗ್ರಾಮದಲ್ಲಿ ಏರ್ಪಡಿಸಿದ್ದ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಉಳಿದು ಬಂದರು. ಅವರನ್ನು ಶಿಬಿರಕ್ಕೆ ಸೇರಿಸಲು ಅವರ ಹೆಂಡತಿ, ವಾರ್ಡಿನ ಗುರಿಕಾರರು ಮತ್ತು ನಾನು ಎರಡು ತಿಂಗಳು ಹಿಂದೆ ಬಿದ್ದಿದ್ದೆವು. ಬಂದ ಮರು ಭಾನುವಾರ ಬಲಿಪೂಜೆಯ ಕೊನೆಗೆ ಅವರನ್ನು ಮುಂದೆ ಕರೆದು ಶಾಲು ಹೊದೆಸಿದೆ. ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದೇ ವಾರ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕೆಲಸಕ್ಕೆ ಹೋಗಲಿಲ್ಲವೇ ಎಂದು ಕೇಳಿದೆ. "ಹೋದರೆ ಅದೇ ಮೇಸ್ತ್ರಿಯ ಜೊತೆ ಹೋಗಬೇಕು ಫಾದರ್. ಅಲ್ಲಿ ನಾಲ್ಕು ಗಂಟೆಗೆ ಬ್ರಶ್ ತೊಳೆದ ಕೂಡಲೇ ಪ್ಯಾಕೆಟ್ ತೆರೆಯುತ್ತಾರೆ. ಬೇರೆ ಕೆಲಸ ಏನಾದರೂ ಇದ್ದರೆ ಹೇಳಿ" ಎಂದರು. ದೇವರ ಮೇಲೆ ಭರವಸೆ ಇಡಿ, ವಿಚಾರಿಸಿ ನೋಡುತ್ತೇನೆ ಎಂದೆ. ಹಬ್ಬದ ಗಡಿಬಿಡಿಯಲ್ಲಿ ವಿಚಾರಿಸಲು ಮರೆತೆ. ಮೂರು ತಿಂಗಳು ತುಂಬುವ ಮೊದಲೇ ಅವರು ಪುನಃ ಕುಡಿಯಲು ತೊಡಗಿದ್ದರು. ಊರಿನವರು, "ಇವನ ಹಣೆಬರಹವೇ ಅಷ್ಟು" ಎಂದರು. ನನಗೆ ಮಾತ್ರ ಹಾಗೆ ಹೇಳಿ ಕೈ ತೊಳೆದುಕೊಳ್ಳಲು ಸಾಧ್ಯವಾಗಲಿಲ್ಲ. ಶಾಲು ಹೊದೆಸುವಾಗ ಇದ್ದ ಉತ್ಸಾಹ ಕೆಲಸ ಹುಡುಕುವಾಗ ನನಗಿರಲಿಲ್ಲ ಎಂಬುದು ಸತ್ಯ.

ಇಂದು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಕರಾವಳಿಯಲ್ಲಿ ಮಾದಕ ದ್ರವ್ಯದ ಬಗ್ಗೆ ಮಾತು ಜೋರಾಗಿದೆ. 2025ರ ಮಾರ್ಚ್ ತಿಂಗಳಲ್ಲಿ ಮಂಗಳೂರು ಪೊಲೀಸರು 37 ಕಿಲೋಗೂ ಅಧಿಕ ಎಂ.ಡಿ.ಎಂ.ಎ. ವಶಪಡಿಸಿಕೊಂಡ ಮೇಲಂತೂ ಜಾಥಾ, ಪ್ರತಿಜ್ಞೆ, ಕಾಲೇಜುಗಳಲ್ಲಿ ಜಾಗೃತಿ ಭಾಷಣ ಎಲ್ಲವೂ ನಡೆಯುತ್ತಿವೆ. ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಈಗಾಗಲೇ ಚಟಕ್ಕೆ ಬಿದ್ದು, ಚಿಕಿತ್ಸೆ ಪಡೆದು, ಹೊರಬಂದು ನಿಂತವನ ಕೈಗೆ ಏನು ಕೊಡುತ್ತೇವೆ ಎಂಬ ಪ್ರಶ್ನೆಗೆ ಜಾಥಾದಲ್ಲಿ ಉತ್ತರವಿಲ್ಲ.

ಮೊದಲು ಸಮಸ್ಯೆಯ ಅಳತೆ ನೋಡೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇಕಡಾ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ 5.7 ಕೋಟಿ ಜನರಿಗೆ ಸಹಾಯದ ಅಗತ್ಯವಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ವರದಿಯ ಇನ್ನೊಂದು ಅಂಕಿ: ಮದ್ಯಕ್ಕೆ ಸಂಪೂರ್ಣ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರು 180ರಲ್ಲಿ ಒಬ್ಬರು. ಚಿಕಿತ್ಸೆಯವರೆಗೆ ಬಂದು ಮುಟ್ಟುವವರೇ ಇಷ್ಟು ವಿರಳವಾದರೆ, ಹಾಗೆ ಮುಟ್ಟಿದವರನ್ನು ಕೆಲಸವಿಲ್ಲ ಎಂಬ ಕಾರಣಕ್ಕೆ ಕಳೆದುಕೊಳ್ಳುವುದು ಎಂಥ ನಷ್ಟ!

ಸರಕಾರದ ಕಡೆಯಿಂದ ಹೆಚ್ಚು ನಿರೀಕ್ಷಿಸುವುದಾದರೂ ಹೇಗೆ? ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ ಹೋಗಿ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಇಷ್ಟು ಹಣ ತರುವ ಅಂಗಡಿಯನ್ನು ಯಾವ ಸರಕಾರವೂ ಮುಚ್ಚದು. ಆದ್ದರಿಂದ ಅಂಗಡಿ ತೆರೆದಿರುವಾಗಲೇ ಅದರ ಎದುರಿನಿಂದ ನಡೆದುಹೋಗುವ ಶಕ್ತಿ ಬರಿಸುವುದು ಹೇಗೆ ಎಂದು ಸಮಾಜವೇ ಯೋಚಿಸಬೇಕಾಗಿದೆ.

ಹಾಗೆ ಯೋಚಿಸಿದವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಬಲ್ಲದವರು ಯಾರು? ರಾಜ್ಯದಾದ್ಯಂತ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ. ಇದರ ಕ್ರಮ ನನಗೆ ಹಿಡಿಸಿದ್ದು ಒಂದು ಕಾರಣಕ್ಕೆ. ಶಿಬಿರ ಊರಿನದ್ದಾಗಿರುತ್ತದೆ. ಮೊದಲು ಊರಿನಲ್ಲಿ ಒಂದು ವ್ಯವಸ್ಥಾಪನಾ ಸಮಿತಿ ಆಗುತ್ತದೆ. ಸಭಾಭವನ ಒಬ್ಬರದ್ದು, ಅಕ್ಕಿ ತರಕಾರಿ ಇನ್ನೊಬ್ಬರದ್ದು, ಅಡುಗೆಗೆ ಸ್ವಸಹಾಯ ಸಂಘದ ಮಹಿಳೆಯರು. ಸಮಿತಿಯಲ್ಲಿ ದೇವಸ್ಥಾನದ ಮೊಕ್ತೇಸರರೂ ಚರ್ಚಿನ ಪಾಲನಾ ಮಂಡಳಿಯವರೂ ಒಟ್ಟಿಗೆ ಕುಳಿತಿದ್ದನ್ನು ನಾನೇ ನೋಡಿದ್ದೇನೆ. ಬೇರೆ ವಿಷಯಕ್ಕೆ ಹೀಗೆ ಕುಳಿತುಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಇತ್ತೀಚೆಗೆ ಅಪರೂಪ. ಶಿಬಿರ ಮುಗಿದ ಮೇಲೆ 'ನವಜೀವನ ಸಮಿತಿ' ಎಂಬ ಹೆಸರಿನಲ್ಲಿ, ಬಿಟ್ಟವರೇ ಸೇರಿ ಸಭೆ ನಡೆಸುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದೂ ಇದೇ ತತ್ವದ ಮೇಲೆ: ಕುಡಿತ ಬಿಟ್ಟವನ ಮಾತು ಬಿಡಬೇಕಾದವನಿಗೆ ತಾಗುವಂತೆ ಬೇರೆ ಯಾರ ಮಾತೂ ತಾಗದು.

ಆದರೆ ಎಂಟು ದಿನದಲ್ಲಿ ಆಗುವ ಕೆಲಸವೇನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ರಾಹೀನತೆ ಆರಂಭವಾಗಿ, ಎರಡು ಮೂರನೆಯ ದಿನಕ್ಕೆ ಕೆಲವರಿಗೆ ಫಿಟ್ಸ್, ಭ್ರಮೆ ಕಾಣಿಸಿಕೊಳ್ಳುತ್ತದೆ. ವೈದ್ಯರ ನಿಗಾ ಇಲ್ಲದಿದ್ದರೆ ಜೀವಕ್ಕೇ ಅಪಾಯ. (ಮನೆಯಲ್ಲಿ ಕೋಣೆಗೆ ಹಾಕಿ ಬೀಗ ಹಾಕುವವರು ಇದನ್ನು ದಯವಿಟ್ಟು ಗಮನಿಸಬೇಕು.) ವಾರದ ಕೊನೆಗೆ ದೇಹ ಮದ್ಯದಿಂದ ಬಿಡುಗಡೆ ಹೊಂದುತ್ತದೆ. ಮನಸ್ಸು, ಅಭ್ಯಾಸ, ಗೆಳೆಯರ ಬಳಗ ಇವು ಯಾವುವೂ ವಾರದಲ್ಲಿ ಬದಲಾಗುವುದಿಲ್ಲ. ಚಿಕಿತ್ಸೆಯ ನಂತರ ನೂರರಲ್ಲಿ 40ರಿಂದ 60 ಮಂದಿ ಮರಳಿ ಚಟಕ್ಕೆ ಬೀಳುತ್ತಾರೆ ಎಂಬ ಅಂದಾಜನ್ನು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುತ್ತದೆ. ರಕ್ತದೊತ್ತಡ, ಅಸ್ತಮಾದಂಥ ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧ ತಪ್ಪಿಸಿ ಪುನಃ ಹದಗೆಡುವವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಎನ್ನುತ್ತಾರೆ. ಅಲ್ಲಿ ರೋಗಿಯನ್ನು ಬೈಯುವುದಿಲ್ಲ, ಇಲ್ಲಿ ಬೈಯುತ್ತೇವೆ.

ಇನ್ನು ಕೆಲಸದ ವಿಚಾರ. ಇದರಲ್ಲೂ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಹುಟ್ಟುಹಾಕಿದವು. (ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಉಡುಪಿಯವರಿಗೆ ಆ ನೋವು ಇನ್ನೂ ಆರಿಲ್ಲ.) ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಮನೆ ವಯರಿಂಗ್, ಮೋಟಾರ್ ರಿವೈಂಡಿಂಗ್, ದ್ವಿಚಕ್ರ ವಾಹನ ರಿಪೇರಿ, ಫ್ರಿಜ್ ಎ.ಸಿ. ರಿಪೇರಿ, ಹೊಲಿಗೆ, ಹೈನುಗಾರಿಕೆ, ಹೀಗೆ ಕೆಲವೇ ವಾರಗಳ ಕೋರ್ಸುಗಳು. ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ, ಎರಡು ವರ್ಷ ಬೆನ್ನು ಬಿಡದ ವಿಚಾರಣೆ. ಈ ಮಾದರಿ ಎಷ್ಟು ಫಲ ನೀಡಿತೆಂದರೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇದನ್ನೇ ಎತ್ತಿಕೊಂಡು, ದೇಶದ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆ ತೆರೆಯಲು ಹೊರಟಿತು.

ಅಂದರೆ ಚಟ ಬಿಡಿಸುವ ಮಾದರಿಯೂ, ಕೆಲಸ ಕಲಿಸುವ ಮಾದರಿಯೂ ಒಂದೇ ಬೆಳ್ತಂಗಡಿ ತಾಲೂಕಿನಲ್ಲಿ ಬೆಳೆದವು. ಒಂದರ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ದೂರವೂ ಹೆಚ್ಚಿಲ್ಲ. ಆದರೆ ಆ ದೂರವನ್ನು ಕೈ ನಡುಗುವ ಮನುಷ್ಯ ಒಬ್ಬನೇ ನಡೆಯಬೇಕಾಗುತ್ತದೆ. ನಾನು ಕಂಡಂತೆ ಎಡವುವುದು ಇಲ್ಲೇ.

ಯಾಕೆಂದು ಸ್ವಲ್ಪ ವಿವರವಾಗಿ ನೋಡೋಣ. ಈ ಸ್ವ-ಉದ್ಯೋಗ ತರಬೇತಿಗಳು 18ರಿಂದ 45 ವರ್ಷದವರನ್ನು ಉದ್ದೇಶಿಸಿ ರೂಪುಗೊಂಡವು. ನಮ್ಮಲ್ಲಿ ಶಿಬಿರಕ್ಕೆ ಬರುವವರಲ್ಲಿ ಆ ಗಡಿ ದಾಟಿದವರು, ದಾಟಲು ಹೊರಟವರು ಬಹಳ. ಎರಡನೆಯದು ಬ್ಯಾಂಕು. ಕುಡಿತದ ವರ್ಷಗಳಲ್ಲಿ ಬೈಕಿನ ಕಂತು, ಸೊಸೈಟಿ ಸಾಲ, ಹೆಂಡತಿಯ ಬಂಗಾರ ಎಲ್ಲವೂ ತಪ್ಪಿರುತ್ತದೆ. ತರಬೇತಿಯ ಪ್ರಮಾಣಪತ್ರ ಹಿಡಿದು ಸಾಲ ಕೇಳಲು ಹೋದರೆ ಮ್ಯಾನೇಜರರು ಕಂಪ್ಯೂಟರಿನಲ್ಲಿ ಸಿಬಿಲ್ ಅಂಕ ನೋಡುತ್ತಾರೆ. ಅವರನ್ನು ದೂರಿ ಫಲವಿಲ್ಲ, ಅವರ ಕೆಲಸ ಅದು. ಆದರೆ ಮನುಷ್ಯ ಬದಲಾದದ್ದು ಆ ಅಂಕದಲ್ಲಿ ಕಾಣಿಸಬೇಕಾದರೆ ವರ್ಷಗಳೇ ಬೇಕು. ಮೂರನೆಯದು ಔಷಧ. ಮೊದಲ ತಿಂಗಳುಗಳಲ್ಲಿ ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ. ಅಂಥವರನ್ನು ಸಾರಣೆಗೆ, ಮಾಡಿಗೆ, ತೆಂಗಿನ ಮರಕ್ಕೆ ಹತ್ತಿಸುವಂತಿಲ್ಲ. ಆದರೆ ಅವರಿಗೆ ಗೊತ್ತಿರುವ ಕೆಲಸ ಅದೇ.

ಎಲ್ಲಕ್ಕಿಂತ ಕಷ್ಟದ್ದು ನಮ್ಮ ಕೂಲಿಯ ಪದ್ಧತಿ. ಶನಿವಾರ ಸಂಜೆ ವಾರದ ಬಟವಾಡೆ. ಕೈಯಲ್ಲಿ ನೋಟು, ಮರುದಿನ ರಜೆ, ಜೊತೆಗೆ ಅದೇ ನಾಲ್ಕು ಜನ. ಕೆಲವು ಕಡೆ ಕೆಲಸ ಬೇಗ ಮುಗಿಸಿದ್ದಕ್ಕೆ ಧಣಿಗಳೇ ಸಂತೋಷದಿಂದ ಒಂದು ಕ್ವಾರ್ಟರಿನ ದುಡ್ಡು ಬೇರೆ ಕೊಡುತ್ತಾರೆ. ಮೀನುಗಾರಿಕೆಯವರ ಕಥೆ ಇನ್ನೊಂದು ಬಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಹತ್ತು ತಿಂಗಳು ಕಡಲಲ್ಲಿ ಮೈಮುರಿದು ದುಡಿದವನಿಗೆ ಎರಡು ತಿಂಗಳು ಮಳೆ ಮತ್ತು ಬಿಡುವು. ಮಲ್ಪೆಯಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ, ತರಬೇತಿಗೂ ಚಿಕಿತ್ಸೆಗೂ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಬಲೆ, ಎಂಜಿನ್, ಐಸ್ ಯಂತ್ರದ ರಿಪೇರಿ ಕಲಿಸುವ ಕೋರ್ಸನ್ನು ಈ ಎರಡು ತಿಂಗಳಿಗೇ ಕಟ್ಟಿ, ಆಪ್ತಸಮಾಲೋಚಕರನ್ನು ಅಲ್ಲಿಗೇ ಕರೆತಂದರೆ ಏನು ಕಷ್ಟ?

ಹೊರದೇಶಗಳ ಎರಡು ಪ್ರಯೋಗಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಬ್ರೆಜಿಲಿನದ್ದು, ನಮ್ಮ ಓದುಗರಲ್ಲಿ ಕೆಲವರಿಗೆ ತಿಳಿದದ್ದೇ. 1983ರಲ್ಲಿ ಗ್ವಾರಾಟಿಂಗೆಟಾ ಎಂಬ ಊರಿನಲ್ಲಿ ನೆಲ್ಸನ್ ಜೊವನೆಲ್ಲಿ ಎಂಬ ಯುವಕ, ಬೀದಿಯ ತುದಿಯಲ್ಲಿ ನಿಲ್ಲುತ್ತಿದ್ದ ಮಾದಕ ವ್ಯಸನಿಗಳ ಸ್ನೇಹ ಮಾಡಿದರು. ಅವರ ಬೆನ್ನಿಗೆ ನಿಂತವರು ಆ ಚರ್ಚಿನ ಧರ್ಮಗುರು, ಫ್ರಾನ್ಸಿಸ್ಕನ್ ಸಭೆಯ ಹಾನ್ಸ್ ಸ್ಟಾಪೆಲ್. 'ಫಜೆಂಡಾ ದ ಎಸ್ಪೆರಾನ್ಸಾ', ಅಂದರೆ ಭರವಸೆಯ ತೋಟ, ಹೀಗೆ ಹುಟ್ಟಿತು. ಅಲ್ಲಿ ಇರಬೇಕಾದ ಅವಧಿ ಪೂರ್ತಿ ಒಂದು ವರ್ಷ. ಹೊಲ, ದನದ ಕೊಟ್ಟಿಗೆ, ಬೇಕರಿಯಲ್ಲಿ ದುಡಿದು ತಮ್ಮ ಖರ್ಚಿಗೆ ತಾವೇ ನೆರವಾಗುತ್ತಾರೆ. 2007ರ ಮೇ ತಿಂಗಳಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಅಲ್ಲಿಗೆ ಭೇಟಿ ಕೊಟ್ಟರು. ಆ ಮಾದರಿ ಇಂದು ಹಲವು ದೇಶಗಳಿಗೆ ಹಬ್ಬಿದೆ. ಆದರೆ ಮಕ್ಕಳ ಫೀಸು ಕಟ್ಟಬೇಕಾದ ನಮ್ಮ ಕೂಲಿಕಾರನಿಗೆ ಒಂದು ವರ್ಷ ಮನೆ ಬಿಡುವುದು ಆಗುವ ಮಾತಲ್ಲ. ಯುವಕರಿಗೆ ಸರಿ, ಸಂಸಾರಸ್ಥರಿಗೆ ಕಷ್ಟ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಇಂಗ್ಲೆಂಡಿನದ್ದು. ಅಲ್ಲಿ 2016ರಲ್ಲಿ ಡೇಮ್ ಕ್ಯಾರೊಲ್ ಬ್ಲ್ಯಾಕ್ ಅವರು ಸರಕಾರಕ್ಕೆ ವರದಿ ಕೊಟ್ಟು, ವ್ಯಸನ ಚಿಕಿತ್ಸೆ ಪಡೆಯುತ್ತಿರುವವರಿಗೆ ಕೆಲಸ ಕೊಡಿಸುವ ಹೊಸ ಕ್ರಮವನ್ನು ಪರೀಕ್ಷಿಸಬೇಕು ಎಂದರು. ಮಾನಸಿಕ ಕಾಯಿಲೆಯವರಿಗಾಗಿ ಅಮೆರಿಕದಲ್ಲಿ ರೂಪಿಸಿದ್ದ ಪದ್ಧತಿಯದು. ಅದರ ತಿರುಳು ಇಷ್ಟೇ: ಕೆಲಸ ಹುಡುಕಿಕೊಡುವ ವ್ಯಕ್ತಿ ಚಿಕಿತ್ಸಾ ಕೇಂದ್ರದ ಒಳಗೇ, ವೈದ್ಯರ ಪಕ್ಕದಲ್ಲೇ ಕುಳಿತುಕೊಳ್ಳುತ್ತಾನೆ. ಒಬ್ಬನ ಕೈಯಲ್ಲಿ ಇಪ್ಪತ್ತು ಇಪ್ಪತ್ತೈದಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ನೋಡೋಣ ಎಂದು ಕಾಯಿಸುವುದಿಲ್ಲ. ಕೆಲಸ ಸಿಕ್ಕಿದ ಮೇಲೂ ಕೈಬಿಡದೆ, ಮಾಲೀಕನ ಜೊತೆಗೂ ಮಾತಾಡುತ್ತಾನೆ. ಹಲವು ಕಡೆ ಪರೀಕ್ಷಿಸಿ ನೋಡಿದ ಮೇಲೆ ಇದನ್ನು ದೇಶದಾದ್ಯಂತ ವಿಸ್ತರಿಸಲು ಅಲ್ಲಿನ ಸರಕಾರ ಮುಂದಾಯಿತು.

ನಮಗೆ ಕಟ್ಟಡ ಬೇಡ, ಹೊಸ ಸಂಸ್ಥೆ ಬೇಡ, ಉದ್ಘಾಟನೆಯೂ ಬೇಡ. ಆಸ್ಪತ್ರೆಗಳಿವೆ: ಮಂಗಳೂರಿನ ಫಾದರ್ ಮುಲ್ಲರ್, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ, ಸರಕಾರಿ ಆಸ್ಪತ್ರೆಗಳ ಮನೋವೈದ್ಯರು. ಶಿಬಿರಗಳಿವೆ, ತರಬೇತಿ ಕೇಂದ್ರಗಳಿವೆ, ಐ.ಟಿ.ಐ.ಗಳಿವೆ. ನಮ್ಮದೇ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳೂ ಸ್ವಸಹಾಯ ಸಂಘಗಳ ಜಾಲವೂ ಇವೆ. ಇಲ್ಲದಿರುವುದು ಇವುಗಳ ನಡುವೆ ಫೈಲು ಹಿಡಿದು ಓಡಾಡುವ ಒಬ್ಬ ವ್ಯಕ್ತಿ. ಒಂದು ವಲಯಕ್ಕೆ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ನಾಲ್ಕೈದು ಚರ್ಚುಗಳು, ಒಂದು ರೋಟರಿ ಅಥವಾ ಲಯನ್ಸ್ ಕ್ಲಬ್, ಒಂದು ಸಹಕಾರಿ ಸೊಸೈಟಿ ಸೇರಿದರೆ ಆಗದ ಕೆಲಸವೇ? ಆ ವ್ಯಕ್ತಿ ಕುಡಿತ ಬಿಟ್ಟು ಹತ್ತು ವರ್ಷವಾದವನಾದರೆ ಇನ್ನೂ ಒಳ್ಳೆಯದು.

ಚರ್ಚು ಸ್ವತಃ ಒಬ್ಬ ಧಣಿ ಎಂಬುದನ್ನೂ ಮರೆಯಬಾರದು. ವಾರ್ಷಿಕ ಹಬ್ಬಕ್ಕೆ ಮೊದಲು ಬಣ್ಣ, ವಯರಿಂಗ್, ಚಪ್ಪರ. ಶಾಲೆಗಳಿಗೆ ಡ್ರೈವರು, ಆಸ್ಪತ್ರೆಗಳಿಗೆ ತೋಟದವರು, ಹಾಸ್ಟೆಲುಗಳಿಗೆ ಅಡುಗೆಯವರು. ಈ ಕೆಲಸಗಳಲ್ಲಿ ಚಟ ಬಿಟ್ಟು ಬಂದವರಿಗೆ ಎಷ್ಟು ಪಾಲು ಸಿಕ್ಕಿದೆ? "ಅವನು ನಾಳೆ ಕುಡಿದು ಬಂದರೆ ಸಂಸ್ಥೆಯ ಹೆಸರು ಹೋಗುತ್ತದೆ" ಎಂಬ ಮಾತು ನಮ್ಮ ಸಭೆಗಳಲ್ಲೇ ಕೇಳಿಬರುತ್ತದೆ. ಭಯ ಸುಳ್ಳಲ್ಲ. ಅದಕ್ಕೆ ದಾರಿ ಮೊದಲೇ ಬರೆದಿಟ್ಟ ಒಪ್ಪಂದ: ಇಂಥ ದಿನ ವೈದ್ಯರಲ್ಲಿಗೆ, ಇಂಥ ದಿನ ಸಭೆಗೆ ಹೋಗಲು ಬಿಡುವು, ಕುಡಿದು ಬಂದರೆ ಆ ದಿನ ಮನೆಗೆ, ಮರುದಿನ ಆಪ್ತಸಮಾಲೋಚಕರ ಬಳಿಗೆ, ಮೂರನೆಯ ಸಲ ಎಲ್ಲರೂ ಕುಳಿತು ತೀರ್ಮಾನ. ಅವನ ಒಪ್ಪಿಗೆಯಿದ್ದರೆ ಸಂಬಳದ ಒಂದು ಭಾಗ ಹೆಂಡತಿಯ ಖಾತೆಗೆ.

ಇನ್ನೊಂದು ಮಾತನ್ನು, ಸಂಪಾದಕನಾಗಿ, ನಾಚಿಕೆಯಿಂದಲೇ ಬರೆಯುತ್ತೇನೆ. ಶಿಬಿರದ ಸಮಾರೋಪದ ಫೋಟೋ ನಾವು ಹಾಕುತ್ತೇವೆ. ಸಾಲಾಗಿ ನಿಂತ ಅರುವತ್ತು ಮುಖಗಳು, ಕೆಳಗೆ 'ಕುಡಿತ ಬಿಟ್ಟವರು'. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ವ್ಯಾಖ್ಯೆಯೊಳಗೆ ಮದ್ಯ ಮತ್ತು ಮಾದಕ ದ್ರವ್ಯದಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ, ಚಿಕಿತ್ಸೆ ಪಡೆದವರ ಗುಟ್ಟು ಕಾಯುವ ಹಕ್ಕೂ ಅದರಲ್ಲಿದೆ. ಆ ಫೋಟೋ ನಾಳೆ ಕೆಲಸ ಕೊಡುವವನ ಮೊಬೈಲಿಗೆ ಮುಟ್ಟುತ್ತದೆ, ಮಗಳನ್ನು ನೋಡಲು ಬರುವವರ ಮನೆಗೂ ಮುಟ್ಟುತ್ತದೆ. ನಾನು ಶಾಲು ಹೊದೆಸಿದ್ದೂ ಇದೇ ಬಗೆಯ ತಪ್ಪು. ಇನ್ನು ಮುಂದೆ ನಮ್ಮ ಪುಟದಲ್ಲಿ ಇಂಥ ಫೋಟೋಗಳಿಗೆ ಜಾಗವಿರುವುದಿಲ್ಲ.

ರೋಸ್, ಮದುವೆ, ಹುಟ್ಟುಹಬ್ಬದ ಮೇಜುಗಳ ವಿಷಯ ಎತ್ತಿದರೆ ಕೆಲವರು ಕೋಪಿಸಿಕೊಳ್ಳುತ್ತಾರೆ ಎಂದು ಗೊತ್ತು. ಎಲ್ಲರೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆರು ತಿಂಗಳಿಂದ ಗ್ಲಾಸು ಮುಟ್ಟದ ಭಾವನ ಮುಂದೆ ಗ್ಲಾಸು ಇಟ್ಟು "ಒಂದು ದಿನಕ್ಕೆ ಏನಾಗುತ್ತದೆ" ಎನ್ನುವುದನ್ನು ಮಾತ್ರ ಬಿಟ್ಟುಬಿಡಿ.

ಆ ಪೈಂಟರ್ ಎರಡನೆಯ ಸಲ ಆಸ್ಪತ್ರೆಗೆ ಸೇರಿ ಬಂದರು. ಈ ಬಾರಿ ಗುರಿಕಾರರು ಡಿಸ್ಚಾರ್ಜ್ ಆಗುವ ಮೊದಲೇ ಹೋಗಿ, ತಮಗೆ ಪರಿಚಯದ ನರ್ಸರಿಯವರಲ್ಲಿ ಮಾತಾಡಿ ಬಂದಿದ್ದರು. ಗಿಡಗಳಿಗೆ ಮಣ್ಣು ತುಂಬುವ ಕೆಲಸ, ಪೈಂಟಿಂಗ್‌ಗಿಂತ ಕೂಲಿ ಕಡಿಮೆ. ಮೊದಲ ದಿನವೇ ಅವರು ಧಣಿಯಲ್ಲಿ ಒಂದು ಮಾತು ಕೇಳಿದರಂತೆ: "ಬಟವಾಡೆ ಶನಿವಾರ ಬೇಡ, ಸೋಮವಾರ ಕೊಡಿ." ನರ್ಸರಿಯವರು ಒಪ್ಪಿದರು. ಕಸಿ ಕಟ್ಟುವುದನ್ನು ಅಲ್ಲೇ ಕಲಿತರು. ಕಳೆದ ಮಳೆಗಾಲದಲ್ಲಿ ಸಿಕ್ಕಾಗ ಜಾಯಿಕಾಯಿ ಗಿಡವೊಂದನ್ನು ಕೊಟ್ಟು, ಬುಡದಲ್ಲಿ ನೀರು ನಿಲ್ಲಬಾರದು ಫಾದರ್ ಎಂದು ಎರಡೆರಡು ಸಲ ಹೇಳಿದರು.

ಮನೆಯಲ್ಲಿ ಇಂಥ ತೊಂದರೆಯಿರುವವರು ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಕೆಲಸ ಕೊಡಲು ಮನಸ್ಸಿರುವವರು ತಮ್ಮ ಚರ್ಚಿನ ಗುರಿಕಾರರಲ್ಲಿ ಹೇಳಿಡಿ.